ಐಸಿನ ಡಬ್ಬಿ, ಬಿಸಿನೀರಿನ ಫ್ಲಾಸ್ಕು

ಹುಡುಗಿಯ ತಾಯಿ ಕುಡಿಯುವ ನೀರಿನ ಬಾಟಲಿಯಲ್ಲಿ ಕಪ್ಪಗಿನದೇನನ್ನೋ ತಂದು ನನ್ನ ಮೇಜಿನ ಮೇಲೆ ಇಟ್ಟಾಗ ಅದನ್ನು ಹಾಲು ಹಾಕದ ಚಹಾ ಎಂದುಕೊಂಡೆ. ಹಳಿಯಾಳದ ನಮ್ಮ ಸಣ್ಣ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಬಂದವರು ಊಟದ ಡಬ್ಬಿ, ಬಸ್ಸಿನ ಚೀಲ ಎಲ್ಲವನ್ನೂ ಆ ಮೇಜಿನ ಮೇಲೆಯೇ ಇಡುವುದು.

"ಅದನ್ನ ಆಕಡೆ ಇಡ್ರಿ," ಎಂದೆ.

"ಆಕಡೆ ಹೆಂಗ ಇಡ್ಲ್ರಿ ಅಕ್ಕಾರ? ಇದನ್ನ ನೋಡ್ರಿ ಅಂತನ ಡಾಕ್ಟರ್ ಕಳಿಸ್ಯಾರ. ನನ್ನ ಮಗಳ ಉಚ್ಚಿ ಇದು."

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪಲ್ಲ, ಕಡುಗೆಂಪು, ಕೋಕಂ ಎನ್ನುವ ಮುರುಗಲ ಹಣ್ಣಿನ ಸಿಪ್ಪೆ ನೆನೆಸಿದ ನೀರಿನ ಹಾಗೆ. ಪರೀಕ್ಷೆಯ ಪಟ್ಟಿ ಅದ್ದಿದರೆ ರಕ್ತ ಇದೆ ಎಂದು ತೋರಿಸಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತಕಣ ಒಂದೂ ಇಲ್ಲ. ಅಂದರೆ ಕಣಗಳು ಮೈಯೊಳಗೇ ಒಡೆಯುತ್ತಿವೆ, ಅವುಗಳ ಬಣ್ಣ ಮಾತ್ರ ಹೊರಗೆ ಬರುತ್ತಿದೆ.

ಚಳಿಗಾಲ, ಕಬ್ಬು ಕಡಿಯುವ ಹಂಗಾಮು. ಸಾಂಬ್ರಾಣಿ ಊರಿನಾಚೆಯ, ಆಫ್ರಿಕಾ ಮೂಲದ ಸಿದ್ದಿ ಕುಟುಂಬ ಅದು. ಗಂಡ ಹೆಂಡತಿ ಇಬ್ಬರೂ ಕಬ್ಬಿನ ಗದ್ದೆಯ ಕೂಲಿಗೆ ಹೋಗುವವರು. ಇನ್ನೂ ಶಾಲೆಗೆ ಸೇರಿ ವರ್ಷ ತುಂಬದ ಹುಡುಗಿಗೆ ಹಿಂದಿನ ವಾರ ನೆಗಡಿ ಜ್ವರ ಬಂದು ಹೋಗಿತ್ತು. ಆಮೇಲೆ ಒಂದು ಬೆಳಿಗ್ಗೆ ಮಂಜಿನಲ್ಲಿ ಗದ್ದೆಯ ಬದುವಿನ ಮೇಲೆ ಕೂತು ಆಡಿ ಬಂದವಳಿಗೆ ಬೆನ್ನು ನೋವು, ಹೊಟ್ಟೆ ನೋವು, ಕಪ್ಪು ಮೂತ್ರ. ರಕ್ತ ತೆಗೆಯಲು ವಾರ್ಡಿಗೆ ಹೋದಾಗ ಅವಳ ಅಂಗೈ ಮೇಣದ ಹಾಗೆ ಬಿಳಿಚಿತ್ತು, ಕಣ್ಣು ಹಳದಿ. ಮಕ್ಕಳ ಡಾಕ್ಟರು ಮಂಚದ ಪಕ್ಕ ನಿಂತಿದ್ದರು.

"ನಿಮ್ಮ ಮನಿತನದಾಗ ಯಾರಿಗರೆ ಸಿಕಲ್ ಸೆಲ್ ಐತಿ ಅಂತ ಹೇಳ್ಯಾರೇನವ್ವಾ?"

"ನಮ್ಮ ಗುಂಗುರುಗೂದಲಾ ಕಂಡ ಕೂಡ್ಲೇ ಎಲ್ಲಾ ಡಾಕ್ಟರೂ ಅದನ್ನ ಕೇಳ್ತಾರ್ರಿ. ಕ್ಯಾಂಪಿನ್ಯಾಗ ನೋಡ್ಯಾರ, ಇಲ್ಲ ಅಂದಾರ."

"ಕೇಳೂದು ನನ್ನ ಕೆಲಸವಾ."

"ಕೇಳ್ರಿ. ಹೇಳೂದು ನನ್ನ ಕೆಲಸ."

ಅಷ್ಟು ದಣಿವಿನಲ್ಲೂ ಅವಳು ಸ್ವಲ್ಪ ನಕ್ಕಳು. ಡಾಕ್ಟರೂ ನಕ್ಕರು.

ಕೆಂಪು ಕಣ ಕುಡಗೋಲಿನಂತೆ ಬಾಗುವ, ವಂಶದಲ್ಲಿ ಬರುವ ಆ ಸಿಕಲ್ ಸೆಲ್ ರೋಗ ಇರಲಿಲ್ಲ. ಮಲೇರಿಯಾ ಇರಲಿಲ್ಲ. ಹಿಮೋಗ್ಲೋಬಿನ್ ಐದಕ್ಕಿಂತ ಕೆಳಗಿತ್ತು. ಗಾಜಿನ ಮೇಲೆ ರಕ್ತ ಸವರಿ ಬಣ್ಣ ಹಾಕಿ ನೋಡುವಾಗ ಒಂದು ಬಿಳಿಯ ಕಣದ ಹೊಟ್ಟೆಯೊಳಗೆ ಇಡೀ ಕೆಂಪು ಕಣವೊಂದು ಕೂತಿರುವುದು ಕಂಡಿತು. ಸ್ವಲ್ಪ ಸರಿಸಿದರೆ ಅಂಥದ್ದೇ ಇನ್ನೊಂದು. ಕಾಲೇಜಿನ ಪುಸ್ತಕದಲ್ಲಿ ಈ ಚಿತ್ರ ನೋಡಿದ್ದೆ. ಕೆಳಗೆ ಏನು ಬರೆದಿತ್ತೆಂದು ನೆನಪಾಗಲಿಲ್ಲ. ಅದನ್ನು ಯೋಚಿಸುತ್ತ ಕೂರಲು ಸಮಯವೂ ಇರಲಿಲ್ಲ. ರಕ್ತ ಹೊಂದಿಸಿ ಕೊಡಿ ಎಂದು ಡಾಕ್ಟರ ಚೀಟಿ ಬಂದಿತ್ತು.

ದೊಡ್ಡ ರಕ್ತನಿಧಿಯಿಂದ ತಂದ ಚೀಲಗಳನ್ನು ನಮ್ಮಲ್ಲಿ ಫ್ರಿಜ್ಜಿನಲ್ಲಿ ಇಟ್ಟುಕೊಂಡಿರುತ್ತೇವೆ. ಹುಡುಗಿಯ ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ತಿಳಿಯನ್ನು ತೆಗೆದು, ಚೀಲದ ಕಣಗಳ ಜೊತೆ ಬೆರೆಸಿ, ಮೈಯ ಶಾಖದಲ್ಲಿಟ್ಟು, ಗಂಟುಗಟ್ಟುತ್ತದೆಯೇ ನೋಡಬೇಕು. ಫ್ರಿಜ್ಜಿನಲ್ಲಿಟ್ಟಿದ್ದ ಅವಳ ಕೊಳವೆಯನ್ನು ತೆಗೆದು ಬೆಚ್ಚಗೆ ಮಾಡಿದಾಗ ತಿಳಿ ಕೆಂಪಗಾಯಿತು. ಸೂಜಿಯಲ್ಲಿ ಜೋರಾಗಿ ಎಳೆದರೆ ಕಣ ಒಡೆದು ಹೀಗಾಗುವುದುಂಟು. ಇನ್ನೊಮ್ಮೆ ರಕ್ತ ತೆಗೆಸಿ ಕೂಡಲೇ ಪರೀಕ್ಷೆ ಮಾಡಿದೆ. ತಿಳಿ ಸ್ವಚ್ಛವಾಗಿತ್ತು, ಗಂಟು ಇರಲಿಲ್ಲ. ಚೀಲ ಕೊಟ್ಟೆ.

ರಕ್ತ ಏರಿಸುವಾಗ ಮೊದಲ ಸ್ವಲ್ಪ ಹೊತ್ತು ಯಾರಾದರೂ ಪಕ್ಕದಲ್ಲಿ ನಿಂತಿರಬೇಕು. ಆ ದಿನ ಸಿಸ್ಟರ್ ಜೊತೆ ನಾನೂ ನಿಂತೆ. ಹನಿ ಬೀಳತೊಡಗಿತು. ಹುಡುಗಿ ಚೀಲದ ಕಡೆಗೇ ನೋಡುತ್ತಿದ್ದಳು.

"ಅವ್ವಾ, ಥಂಡಿ."

ತಾಯಿ ಸೆರಗು ಹೊದಿಸಿದಳು. ಹುಡುಗಿಯ ಹಲ್ಲು ಕಟಕಟ ಎನ್ನತೊಡಗಿದವು. ಮಂಡಿ ಹೊಟ್ಟೆಗೆ ಮಡಚಿಕೊಂಡು ಒಮ್ಮೆ ಚೀರಿದಳು, ಆಮೇಲೆ ಚೀರುವ ಶಕ್ತಿಯೂ ಇಲ್ಲದೆ ತುಟಿ ಬೂದಿಯ ಬಣ್ಣಕ್ಕೆ ತಿರುಗಿತು. ಸಿಸ್ಟರ್ ಕೊಳವೆ ಮುಚ್ಚಿದರು. ಡಾಕ್ಟರು ಓಡಿ ಬಂದು ನನ್ನ ಮುಖ ನೋಡಿದರು.

"ಚೀಲ ಬರೊಬ್ಬರಿ ಐತಿಲ್ಲ?"

ಅವರು ಗದರಲಿಲ್ಲ. ಚೀಲ ಹಿಡಿದು ಪ್ರಯೋಗಾಲಯಕ್ಕೆ ಓಡಿದೆ. ಹೆಸರು, ಗುಂಪು, ಚೀಲದ ಸಂಖ್ಯೆ, ಹುಡುಗಿಯ ಗುಂಪು ಮತ್ತೊಮ್ಮೆ, ಹೊಂದಾಣಿಕೆ ಮತ್ತೊಮ್ಮೆ. ತಪ್ಪು ಸಿಕ್ಕಿದ್ದರೆ ಅಳುತ್ತಿದ್ದೆ, ಆದರೆ ಮುಂದೇನು ಮಾಡಬೇಕೆಂದು ಗೊತ್ತಿರುತ್ತಿತ್ತು. ತಪ್ಪು ಸಿಗಲಿಲ್ಲ. ಎಲ್ಲ ಸರಿಯಾಗಿದ್ದೂ ಮಗು ಸಾಯುವ ಹಾಗಾಗಿತ್ತು. ಈಗಲೂ ಎಚ್ಚರವಿದ್ದಾಗಲೇ ನನಗೆ ಬೀಳುವ ಕನಸು ಅದು: ಒಂದೊಂದಾಗಿ ನೋಡುತ್ತ ಹೋಗುತ್ತೇನೆ, ಎಲ್ಲವೂ ಸರಿಯಾಗಿದೆ.

ನಡುಕ ನಿಂತ ಮೇಲೆ ಅವಳಿಗೆ ಜ್ವರ ಏರಿತು. ತಾಯಿ ಹಣೆಗೆ, ಅಂಗೈಗೆ, ಅಂಗಾಲಿಗೆ ತಣ್ಣೀರ ಪಟ್ಟಿ ಹಾಕುತ್ತ ಕೂತಳು. ನಮ್ಮ ಕಡೆ ಜ್ವರವೆಂದರೆ ಮೊದಲು ಅದೇ. ನೀರು ಸಾಕಷ್ಟು ತಣ್ಣಗಿಲ್ಲವೆಂದು ಸಿಸ್ಟರ್ ನನ್ನಲ್ಲಿಗೆ ಐಸ್ ಕೇಳಲು ಬಂದರು. ಟ್ರೇಯಿಂದ ಬಿಡಿಸಿ ಕೊಟ್ಟೆ. ಉಳಿದ ಐಸನ್ನು ಥರ್ಮಾಕೋಲ್ ಡಬ್ಬಿಗೆ ತುಂಬಿ, ಹುಡುಗಿಯ ರಕ್ತದ ಕೊಳವೆಗಳನ್ನು ಅದರಲ್ಲಿ ಇಳಿಸಿ, ಧಾರವಾಡದ ದೊಡ್ಡ ಲ್ಯಾಬಿಗೆ ಆಂಬುಲೆನ್ಸಿನಲ್ಲಿ ಕಳಿಸಿದೆ. ರಕ್ತವನ್ನು ದೂರ ಕಳಿಸುವಾಗ ಐಸಿನಲ್ಲೇ ಕಳಿಸುವುದು. ಅದರ ಬಗ್ಗೆ ಯಾರೂ ಎರಡನೇ ಸಲ ಯೋಚಿಸುವುದಿಲ್ಲ.

ಮರುದಿನ ಬೆಳಿಗ್ಗೆ ಉತ್ತರ ಬಂತು. ಕೆಂಪು ಕಣಗಳಿಗೆ ಅಂಟಿ ಒಡೆಯುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಯಾವುದೂ ತಿಳಿಯಲ್ಲಿ ಸಿಕ್ಕಿಲ್ಲ.

ಮೈಯೇ ತನ್ನ ಕಣಗಳ ಮೇಲೆ ತಿರುಗಿಬಿದ್ದಿರಬಹುದೆಂದು ಡಾಕ್ಟರು ಸ್ಟಿರಾಯ್ಡ್ ಶುರು ಮಾಡಿದ್ದರು. ಹಿಮೋಗ್ಲೋಬಿನ್ ಇನ್ನೂ ಇಳಿದಿತ್ತು. ದೊಡ್ಡ ಆಸ್ಪತ್ರೆಗೆ ಸಾಗಿಸೋಣವೆಂದರೆ, ಈ ಸ್ಥಿತಿಯಲ್ಲಿ ದಾರಿಯಲ್ಲೇ ಹೃದಯ ಸೋತೀತೆಂಬ ಹೆದರಿಕೆ. ರಕ್ತ ತೆಗೆಯಲು ವಾರ್ಡಿಗೆ ಹೋದೆ. ಸಿಸ್ಟರ್ ಹುಡುಗಿಯ ಮೂತ್ರವನ್ನು ಸಣ್ಣ ಪ್ಲಾಸ್ಟಿಕ್ ಲೋಟಗಳಲ್ಲಿ ಹಿಡಿದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಒಂದು ಕಪ್ಪು. ಮುಂದಿನದು ತಿಳಿ ಕಂದು. ಅದರ ಮುಂದಿನದು ಮತ್ತೆ ಕಪ್ಪು.

"ಸಿಸ್ಟರ್, ಈ ಕಪ್ಪಂದು ಯಾವಾಗಿನದ್ರಿ?"

"ಜ್ವರಾ ಏರಿ ಪಟ್ಟಿ ಹಾಕಿದ್ವೆಲ್ಲ, ಅದರ ನಂತರದ್ದು."

"ಅದು?"

"ಅದೂ ಪಟ್ಟಿ ಹಾಕಿದ ಮ್ಯಾಲಿಂದನ."

"ನಡುವಿನದು?"

"ಆಗ ಮಲಗಿದ್ಲು. ಅವ್ವ ಕಂಬಳಿ ಹೊದಿಸಿದ್ಲು."

ಸಿರಿಂಜು ಹಿಡಿದು ಹಾಗೆಯೇ ನಿಂತೆ. ಮಂಜಿನ ಬೆಳಿಗ್ಗೆ. ತಣ್ಣೀರ ಪಟ್ಟಿ. ಫ್ರಿಜ್ಜಿನ ಚೀಲ. ಫ್ರಿಜ್ಜಿನಿಂದ ತೆಗೆದು ಬೆಚ್ಚಗೆ ಮಾಡಿದಾಗ ಕೆಂಪಾದ ತಿಳಿ. ಸೂಜಿಯ ತಪ್ಪಲ್ಲ ಅದು. ಕೆಂಪು ಕಣವನ್ನು ನುಂಗಿದ ಬಿಳಿಯ ಕಣದ ಚಿತ್ರದ ಕೆಳಗೆ ಬರೆದಿದ್ದ ಮೊದಲ ಪದ ಆಗ ನೆನಪಾಯಿತು. ಶೀತ.

ಕಾಲೇಜಿನಲ್ಲಿ ನಮಗೆ ರಕ್ತದ ಪಾಠ ಹೇಳಿದ ಪ್ರಾಧ್ಯಾಪಕರು ಈಗ ಧಾರವಾಡದ ಅದೇ ಲ್ಯಾಬಿನಲ್ಲಿದ್ದಾರೆ. ಫೋನ್ ಮಾಡಿ ಎಲ್ಲ ಹೇಳಿದೆ.

"ಸ್ಯಾಂಪಲ್ ಹೆಂಗ ಕಳಿಸಿದ್ದಿ?"

"ಐಸಿನ್ಯಾಗ, ಸರ್."

"ಎಲ್ಲಾರೂ ಹಂಗ ಕಳಸ್ತೀರಿ. ನಾನೂ ನಿಮಗ ಹಂಗ ಕಲಿಸೇನಿ. ಇದೊಂದು ರೋಗದಾಗ ಮಾತ್ರ ಅದು ಉಲ್ಟಾ. ಥಂಡಿ ಹತ್ತಿದ ಕೂಡ್ಲೇ ಆ ಪ್ರತಿಕಾಯ ಹೋಗಿ ಕಣಕ್ಕ ಅಂಟಿಕೊಂತೈತಿ. ನಿನ್ನ ಡಬ್ಬಿಯೊಳಗ ಅಂಟಿಕೊಂಡುಬಿಟ್ಟೈತಿ. ಇಲ್ಲಿ ಬಂದ ತಿಳಿಯೊಳಗ ಏನು ಉಳಿದಿತ್ತು, ಸಿಗಾಕ?"

"ಈಗೇನ್ ಮಾಡ್ಲಿ ಸರ್?"

"ಬೆಚ್ಚಗ ತಗೊಂಡು ಬಾ. ತೆಗೆದಾಗಿಂದ ನನ್ನ ಕೈಗೆ ಕೊಡೂತನಕ ಮೈ ಶಾಖದಾಗ ಇರಬೇಕು."

ಸಿರಿಂಜನ್ನೂ ಕೊಳವೆಯನ್ನೂ ಮೊದಲು ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟೆ. ಪರೀಕ್ಷೆಗಳಿಗೆಂದು ಮೂವತ್ತೇಳು ಡಿಗ್ರಿಯಲ್ಲಿ ನೀರು ಕಾಯ್ದಿಡುವ ವಿದ್ಯುತ್ ತೊಟ್ಟಿ ಅದು, ಆಸ್ಪತ್ರೆಗೆಲ್ಲ ಒಂದೇ. ಹುಡುಗಿಯ ರಕ್ತ ತೆಗೆದು, ಅಂಗೈಯಲ್ಲಿ ಮುಚ್ಚಿಕೊಂಡು ತಂದು, ತೊಟ್ಟಿಯಲ್ಲೇ ಹೆಪ್ಪುಗಟ್ಟಿಸಿ ತಿಳಿ ಬೇರ್ಪಡಿಸಿದೆ. ಒಯ್ಯುವುದು ಯಾವುದರಲ್ಲಿ? ನಮ್ಮಲ್ಲಿ ಇದ್ದವೆಲ್ಲ ತಣ್ಣಗಿಡುವ ಡಬ್ಬಿಗಳು. ಆಂಬುಲೆನ್ಸಿನ ಚಾಲಕ ದಾಂಡೇಲಿಯವರು, ಮೊದಲು ಮೆಕ್ಯಾನಿಕ್ ಆಗಿದ್ದವರು. ತಮ್ಮ ಚಹಾದ ಫ್ಲಾಸ್ಕನ್ನು ತಂದು, ಒಳಗಿದ್ದದ್ದನ್ನು ಗಿಡದ ಬುಡಕ್ಕೆ ಸುರಿದರು.

"ನಿನ್ನೆ ಐಸ್, ಇವತ್ತ ಬಿಸಿನೀರು. ನಾಳೆ ತವೆ ಮ್ಯಾಲೆ ಹುರದು ಕಳಸ್ತೀರೇನ್ ಮೇಡಂ?"

"ನಾಳೆ ಅನ್ನೂದು ಇರಬೇಕಲ್ಲ ಭಾಯ್."

ಅವರ ನಗು ನಿಂತಿತು. "ಹತ್ರಿ, ಹೋಗೂಣು," ಎಂದರು.

ಫ್ಲಾಸ್ಕು ನನ್ನ ಮಂಡಿಗಳ ನಡುವೆ, ತಾಪಮಾಪಕ ಕೈಯಲ್ಲಿ. ಊರು ದಾಟುತ್ತಲೇ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರುಗಳ ಸಾಲು. ಮುಂದೆಲ್ಲೋ ಒಂದು ಟ್ರಾಲಿ ಮಗುಚಿತ್ತು. ಸೈರನ್ ಹಾಕಿದರೂ ಸರಿಯಲು ಯಾರಿಗೂ ಜಾಗವಿರಲಿಲ್ಲ. ನೀರಿನ ಶಾಖ ಇಳಿಯುತ್ತಿತ್ತು. ರಸ್ತೆ ಬದಿಯ ಚಹಾದಂಗಡಿಗೆ ಓಡಿ ಬಿಸಿನೀರು ಕೇಳಿದೆ.

"ಕೂಸಿನ ಹಾಲಿಗೇನ್ರಿ ಬಾಯಾರ?" ಎಂದ ಅಂಗಡಿಯವನು.

"ಹೌದ್ರಿ, ಕೂಸಿಗೆ."

ಕುದಿಯುವ ನೀರನ್ನು ಒಮ್ಮೆಲೇ ಸುರಿಯುವಂತಿಲ್ಲ. ಹೆಚ್ಚು ಕಾದರೂ ತಿಳಿ ಕೆಡುತ್ತದೆ. ಗಾಡಿಗೆ ಮರಳಿ ಚಮಚ ಚಮಚ ಹಾಕಿ, ಅಳೆದು, ಮತ್ತೆ ಹಾಕುತ್ತಿದ್ದಾಗ ಡಾಕ್ಟರ ಫೋನ್ ಬಂತು. ದನಿ ತೀರ ಸಣ್ಣಗಿತ್ತು.

"ಹಿಮೋಗ್ಲೋಬಿನ್ ಮೂರಕ್ಕ ಬಂದೈತ್ರಿ. ಉಸಿರಿಗೆ ಒದ್ದಾಡಾಕತ್ತಾಳ. ಇನ್ನ ಕಾಯಾಕ ಆಗೂದಿಲ್ಲ. ರಕ್ತ ಕೊಡ್ಲೋ ಬ್ಯಾಡೋ?"

ಪರೀಕ್ಷೆ ಇನ್ನೂ ಆಗಿಲ್ಲ. ನನ್ನ ಊಹೆ ತಪ್ಪಾಗಿದ್ದರೆ ಎರಡನೆಯ ಚೀಲವೇ ಅವಳನ್ನು ಕೊಲ್ಲಬಹುದು. ಕೊಡದಿದ್ದರೆ ಸಂಜೆಯ ತನಕ ಉಳಿಯುವಳೆಂಬ ಭರವಸೆ ಇಲ್ಲ. ಕೊಡುವ ಹೊಣೆ ಡಾಕ್ಟರದ್ದು, ನಿಜ. ಆದರೆ ಆ ಕ್ಷಣ ಅವರಿಗೆ ಇನ್ನೊಬ್ಬರ ದನಿ ಬೇಕಾಗಿತ್ತು. ಕಿಟಕಿಯ ಲೋಟಗಳು ಕಣ್ಣ ಮುಂದೆ ಬಂದವು.

"ಕೊಡ್ರಿ ಸರ್. ಆದ್ರ ಬೆಚ್ಚಗ ಮಾಡಿ ಕೊಡ್ರಿ. ಲ್ಯಾಬಿನ ನೀರಿನ ತೊಟ್ಟಿ ಮಂಚದ ಪಕ್ಕ ತರಸ್ರಿ. ಚೀಲಾ ನೀರಿಗೆ ಹಾಕಬ್ಯಾಡ್ರಿ, ಕೊಳವಿ ಅಷ್ಟ ಸುರುಳಿ ಸುತ್ತಿ ಅದರಾಗ ಮುಳಗಸ್ರಿ, ರಕ್ತ ಕಾಯ್ದು ಒಳಗ ಹೋಗ್ಲಿ. ತಾಪಮಾಪಕ ನೋಡ್ಕೊಂಡ ಇರ್ರಿ. ಫ್ಯಾನ್, ಕಿಟಕಿ ಬಂದ್. ಕಂಬಳಿ ಹೊದಸ್ರಿ, ಕೈಕಾಲಿಗೆ ಬಿಸಿನೀರಿನ ಚೀಲ."

"ಆತು."

"ಮತ್ತ ಸರ್, ಆ ತಣ್ಣೀರ ಪಟ್ಟಿ ತೆಗಸ್ರಿ. ಮೊದಲ ಅದನ್ನ ತೆಗಸ್ರಿ."

ನನ್ನ ಅನುಮಾನ ಡಾಕ್ಟರಿಗೆ ಹೇಳಿಯೇ ಹೊರಟಿದ್ದೆ, ಪಟ್ಟಿಯ ಮಾತು ಮಾತ್ರ ಅವಸರದಲ್ಲಿ ಬಿಟ್ಟುಹೋಗಿತ್ತು. ಚಾಲಕ ಒಮ್ಮೆ ನನ್ನ ಕಡೆ ನೋಡಿ, ಗಾಡಿಯನ್ನು ರಸ್ತೆಯಿಂದ ಇಳಿಸಿ ಕಡಿದು ಮುಗಿದ ಕಬ್ಬಿನ ಗದ್ದೆಯ ಬಂಡಿ ದಾರಿಗೆ ಹಾಯಿಸಿದರು. ಆ ಕುಲುಕಾಟದಲ್ಲಿ ಫ್ಲಾಸ್ಕನ್ನು ಮಗುವಿನಂತೆ ಎದೆಗವಚಿಕೊಂಡಿದ್ದೆ.

ಧಾರವಾಡದಲ್ಲಿ ಪ್ರಾಧ್ಯಾಪಕರು ಕೈಗವಸು ಹಾಕಿಕೊಂಡೇ ಕಾಯುತ್ತಿದ್ದರು. ತಿಳಿಗೆ ಆರೋಗ್ಯವಂತರ ಕೆಂಪು ಕಣ ಬೆರೆಸಿ ಮೂರು ಪಾಲು ಮಾಡಿದರು. ಒಂದು ಐಸಿನಲ್ಲಿ ಇದ್ದು ಆಮೇಲೆ ಬಿಸಿಗೆ, ಒಂದು ಐಸಿನಲ್ಲೇ, ಒಂದು ಬಿಸಿಯಲ್ಲೇ. ಮೊದಲನೆಯದರಲ್ಲಿ ಮಾತ್ರ ಕಣ ಒಡೆದು ತಿಳಿ ಕೆಂಪಾದರೆ ನಮ್ಮ ಊಹೆ ನಿಜ. ಕಣ ಒಡೆಯಲು ರಕ್ತದಲ್ಲಿರುವ ಇನ್ನೊಂದು ಬಗೆಯ ಪ್ರೋಟೀನುಗಳೂ ಬೇಕು. ಹುಡುಗಿಯ ಮೈಯಲ್ಲಿ ಅವು ಆಗಲೇ ಖರ್ಚಾಗಿರಬಹುದು. ಅದಕ್ಕೆ ಆರೋಗ್ಯವಂತರ ತಾಜಾ ತಿಳಿ ಸೇರಿಸಬೇಕು.

"ಯಾರದರೆ ತೋಳ ಬೇಕಲ್ಲ," ಎಂದು ಸುತ್ತ ನೋಡಿದರು. ನನ್ನದನ್ನೇ ಚಾಚಿದೆ.

ಕಾದೆವು. ಮೊದಲ ಕೊಳವೆಯನ್ನು ತಿರುಗಿಸಿ ಮೇಲೆತ್ತಿದರು. ಅದರಲ್ಲಿ ಕೆಂಪು ಎನ್ನಲಾಗದ, ಇಲ್ಲ ಎನ್ನಲೂ ಆಗದ ಒಂದು ಗುಲಾಬಿ ಛಾಯೆ ಇತ್ತು. ಅತ್ತ ಹಳಿಯಾಳದಲ್ಲಿ ನನ್ನ ಮಾತಿನ ಮೇಲೆ ರಕ್ತ ಹರಿಯುತ್ತಿದೆ.

"ಹೆದರಬ್ಯಾಡ. ಈ ಪ್ರತಿಕಾಯ ಎಲ್ಲಿ ಕೂಡ್ತೈತಿ, ನೆನಪೈತೇನು?"

"ಗ್ಲೈಕೋಲಿಪಿಡ್ ಮ್ಯಾಲೆ, ಸರ್."

ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಪದ ಅದು. ಕೆಂಪು ಕಣದ ಹೊರಪದರ ಕೊಬ್ಬಿನದು. ಆ ಕೊಬ್ಬಿಗೇ ನೇರವಾಗಿ ಅಂಟಿದ ಸಕ್ಕರೆಯ ಸಣ್ಣ ಸರಪಳಿಗಳಿಗೆ ಆ ಹೆಸರು. ಅದೇ ಪದರದಿಂದ ಸಕ್ಕರೆ ಹೊತ್ತ ಪ್ರೋಟೀನುಗಳೂ ಎದ್ದು ನಿಂತಿರುತ್ತವೆ. ಅವು ಉದ್ದ ಮತ್ತು ದಟ್ಟ.

"ದಾರ್‍ಯಾಗ ಕಬ್ಬಿನ ಗದ್ದಿ ನೋಡ್ಕೋತ ಬಂದಿಯಲ್ಲ. ಬೆಳದು ನಿಂತ ಕಬ್ಬಿನ ಬುಡದಾಗ ಹುಲ್ಲು ಇರ್ತೈತಿ. ಬದುವಿನ ಮ್ಯಾಲೆ ನಿಂತ ದನಕ್ಕ ಆ ಹುಲ್ಲು ಸಿಗತೈತೇನು? ಅಂಚಿನದು ಎರಡು ಎಳಿ ಸಿಗಬಹುದು, ಅಷ್ಟ. ನಮಗೀಗ ಕಂಡ ಗುಲಾಬಿ ಬಣ್ಣ ಅಷ್ಟ. ಹುಲ್ಲು ಇಲ್ಲ ಅಂತಲ್ಲ. ಕಬ್ಬು ಕಡೀಬೇಕು."

ಕಬ್ಬು ಕಡಿಯುವ ಕುಡಗೋಲು ಅವರ ಫ್ರಿಜ್ಜಿನಲ್ಲಿತ್ತು: ಪಪ್ಪಾಯಿ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವ. ಅದು ಉದ್ದದ ಪ್ರೋಟೀನುಗಳನ್ನು ಕತ್ತರಿಸುತ್ತದೆ, ಕೊಬ್ಬಿಗಂಟಿದ ಸಕ್ಕರೆಯನ್ನು ಮುಟ್ಟುವುದಿಲ್ಲ. ಕಣಗಳನ್ನು ತೊಳೆದು, ಪಪೇನಿನಲ್ಲಿ ಇಟ್ಟು, ಮತ್ತೆ ಮತ್ತೆ ತೊಳೆದು, ಮೂರು ಕೊಳವೆಗಳ ಆಟ ಮೊದಲಿನಿಂದ. ನಡುವೆ ನಾಲ್ಕಾರು ಸಲ ಡಾಕ್ಟರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತದಿರುವುದಕ್ಕೆ ಎಷ್ಟು ಕಾರಣಗಳಿರಬಹುದೋ ಅಷ್ಟನ್ನೂ ಯೋಚಿಸಿದೆ.

ಪ್ರಾಧ್ಯಾಪಕರು ಕೊಳವೆಗಳನ್ನು ಕಿಟಕಿಗೆ ಹಿಡಿದರು. ಐಸಿನಲ್ಲೇ ಇದ್ದದ್ದು ಸ್ವಚ್ಛ. ಬಿಸಿಯಲ್ಲೇ ಇದ್ದದ್ದು ಸ್ವಚ್ಛ. ಐಸಿನಿಂದ ಬಿಸಿಗೆ ಬಂದದ್ದು ಮುರುಗಲ ನೀರು.

"ತಗೋ. ನಿನ್ನ ಹುಡುಗೀ ರೋಗ ಇಲ್ಲೇ ಐತಿ," ಎಂದರು.

ಹುಡುಗಿಯ ಮೈಯಲ್ಲೂ ನಡೆದದ್ದು ಇದೇ. ನೆಗಡಿಯ ಸೋಂಕಿನ ವಿರುದ್ಧ ಎದ್ದ ಪ್ರತಿಕಾಯ ದಾರಿ ತಪ್ಪಿ, ಚಳಿ ತಾಗಿದ ಬೆರಳು, ಕಿವಿ, ಹಣೆಯಲ್ಲಿ ಕೆಂಪು ಕಣಗಳ ಆ ಗಿಡ್ಡ ಸಕ್ಕರೆಗೆ ಅಂಟಿಕೊಳ್ಳುತ್ತದೆ. ಅದೇ ರಕ್ತ ಮೈಯ ನಡುವಿನ ಬಿಸಿಗೆ ಮರಳಿದ ಕೂಡಲೇ ಕಣ ಒಡೆಯುತ್ತದೆ. ತಣ್ಣೀರ ಪಟ್ಟಿ ಹಾಕಿದಾಗಲೆಲ್ಲ ಒಡೆದಿದೆ.

ಫೋನ್ ಹೊಡೆಯಿತು. ಡಾಕ್ಟರು.

"ಎಷ್ಟ ಫೋನ್ ಮಾಡ್ತೀರಿ? ಒಂದು ಕೈಯಾಗ ಕೊಳವಿ, ಒಂದು ಕೈಯಾಗ ತಾಪಮಾಪಕ ಹಿಡ್ಕೊಂಡು ಕೂತಿದ್ದೆ. ಕಿಸೆದಾಗಿನ ಫೋನ್ ಹೆಂಗ ಎತ್ಲಿ? ಈಗ ಸಿಸ್ಟರ್ ಹಿಡದಾರ."

"ಹುಡುಗಿ, ಸರ್?"

"ನಡುಗಿಲ್ಲ. ಅರ್ಧ ಹೋಗೈತಿ, ಒಮ್ಮೆರೆ ನಡುಗಿಲ್ಲ. ತುಟಿಗೆ ಬಣ್ಣ ಬರಾಕತ್ತೈತಿ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಪರೀಕ್ಷೆ ಏನ್ ಹೇಳ್ತು?" ಎಂದರು.

ಹೇಳಿದೆ. ಆ ಕಡೆ ಅವರು ಉಸಿರು ಬಿಟ್ಟದ್ದು ಕೇಳಿಸಿತು. ನಾನು ಪ್ರಾಧ್ಯಾಪಕರ ಕುರ್ಚಿಯಲ್ಲಿ, ಅವರನ್ನು ಕೇಳದೆಯೇ, ಕೂತುಬಿಟ್ಟೆ.

ಹಳಿಯಾಳಕ್ಕೆ ಮರಳಿದಾಗ ವಾರ್ಡು ಒಲೆಯ ಹಾಗಿತ್ತು. ಕಿಟಕಿಗಳೆಲ್ಲ ಮುಚ್ಚಿ, ಡಾಕ್ಟರ ಅಂಗಿ ಬೆನ್ನಿಗಂಟಿ, ಸಿಸ್ಟರ್ ಕಾಗದದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ತಾಯಿ ಮಗಳ ಎರಡೂ ಪಾದಗಳನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು ಕೂತಿದ್ದಳು.

ಈ ಪ್ರತಿಕಾಯ ಬಂದ ಹಾಗೆಯೇ ಕೆಲವು ವಾರಗಳಲ್ಲಿ ಹೊರಟು ಹೋಗುತ್ತದೆ. ಮತ್ತೆ ಬರುವುದು ಅಪರೂಪ. ಅಲ್ಲಿಯತನಕ ಬೆಚ್ಚಗಿಟ್ಟರೆ ಸಾಕು. ಮನೆಗೆ ಕಳಿಸುವ ದಿನ ಹುಡುಗಿ ಉಲ್ಲನ್ ಟೊಪ್ಪಿಗೆ, ಕಾಲುಚೀಲ ಹಾಕಿಕೊಂಡು ಆಸ್ಪತ್ರೆಯ ಮುಂದಿನ ಕಟ್ಟೆಯ ಬಿಸಿಲಿನಲ್ಲಿ ಬಿಸ್ಕೀಟು ತಿನ್ನುತ್ತ ಕೂತಿದ್ದಳು. ತಾಯಿ ನನ್ನನ್ನು ಪಕ್ಕಕ್ಕೆ ಕರೆದಳು.

"ಅಕ್ಕಾರ, ಒಂದ್ ಕೇಳ್ಲೇನ್ರಿ? ಖರೇ ಹೇಳಬೇಕ ಮತ್ತ. ನಾ ಪಟ್ಟಿ ಹಾಕಿದ್ದಕ್ಕನ ಆತೇನ್ರಿ ಆಕಿಗೆ?"

ಇಲ್ಲ ಎನ್ನುವುದು ಸುಲಭವಿತ್ತು. ಅವಳು ನಂಬುತ್ತಿರಲಿಲ್ಲ. ಲೋಟಗಳನ್ನು ಅವಳೂ ನೋಡಿದ್ದಳು.

"ರೋಗ ನಿಮ್ಮಿಂದ ಬಂದದ್ದಲ್ಲ. ಪಟ್ಟಿಯಿಂದ ಸ್ವಲ್ಪ ಹೆಚ್ಚಾತು, ಅದು ಖರೆ. ಆದ್ರ ಆ ಐಸ್ ಕೊಟ್ಟಾಕಿ ನಾನು. ನಾ ಕೊಟ್ಟ ರಕ್ತದ ಚೀಲಾ ನಿಮ್ಮ ಪಟ್ಟಿಗಿಂತ ಥಣ್ಣಗಿತ್ತು. ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಮೊದಲ ದಿನದ ಅದೇ ಸಣ್ಣ ನಗೆ ನಕ್ಕಳು.

"ಹಂಗಾರ ಇಬ್ರೂ ಕೂಡೇ ಕೊಲ್ಲಾಕ ಹೊಂಟಿದ್ವಿ ಅನ್ರಿ."

"ಯಾರನ್ನ, ಅವ್ವಾ?" ಕಟ್ಟೆಯ ಮೇಲಿಂದ ಹುಡುಗಿ ಕೇಳಿದಳು.

"ಯಾರನ್ನೂ ಇಲ್ಲ. ನೀ ತಿನ್ನು," ಎಂದು ತಾಯಿ ಹೋಗಿ, ಆ ಬಿಸಿಲಿನಲ್ಲೂ ಅವಳ ಟೊಪ್ಪಿಗೆಯನ್ನು ಕಿವಿಯ ಮೇಲೆ ಇನ್ನಷ್ಟು ಎಳೆದಳು.